ನೋವಿನ ಜೆಲ್: ಯಾವುದು ಮೊದಲು, ಯಾವುದು ಆಮೇಲೆ

ನಾನು ತಯಾರಿಸಿದ ಮೊದಲ ನೋವಿನ ಜೆಲ್ ಬೆರಳ ನಡುವೆ ಮರಳಿನಂತೆ ಕರಕರ ಎನ್ನುತ್ತಿತ್ತು. ಸಾಮಗ್ರಿ, ಅಳತೆ ಎಲ್ಲ ಸರಿಯಾಗಿಯೇ ಇದ್ದವು. ಬೆರೆಸಿದ ಕ್ರಮ ಮಾತ್ರ ತಪ್ಪಿತ್ತು. ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೆ ಈಗ ನಾನು ಮೊದಲು ಹೇಳಿಕೊಡುವುದು ಆ ಕ್ರಮವನ್ನೇ.

100 ಗ್ರಾಂ ಜೆಲ್‌ಗೆ ನೋವು ತಗ್ಗಿಸುವ ಔಷಧವಾದ ಡೈಕ್ಲೊಫೆನಾಕ್ ಡೈಎಥೈಲಮೀನ್ 1.16 ಗ್ರಾಂ ತೂಗಿಕೊಳ್ಳಿ. ಇದು 1 ಗ್ರಾಂ ಡೈಕ್ಲೊಫೆನಾಕ್ ಸೋಡಿಯಂಗೆ ಸಮ. ಸೋಡಿಯಂ ಲವಣವನ್ನೇ ಏಕೆ ಹಾಕಬಾರದು ಎಂದು ಕೇಳುವವರಿದ್ದಾರೆ. ಜೆಲ್ಲನ್ನು ಗಟ್ಟಿಗೊಳಿಸುವ ಪುಡಿಯಾದ ಕಾರ್ಬೊಮರ್‌ಗೂ ಸೋಡಿಯಂಗೂ ಆಗಿಬರುವುದಿಲ್ಲ. ಗಟ್ಟಿಯಾಗಿ ನಿಂತ ಜೆಲ್ ತೆಳ್ಳಗಾಗುತ್ತದೆ.

60 ಗ್ರಾಂ ಶುದ್ಧೀಕರಿಸಿದ ನೀರನ್ನು ಕಲಕುತ್ತಲೇ 1 ಗ್ರಾಂ ಕಾರ್ಬೊಮರನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಗೇ ಸುರಿದರೆ ಹೊರಗೆ ಒದ್ದೆ, ಒಳಗೆ ಒಣಪುಡಿಯಿರುವ ಗಂಟುಗಳಾಗುತ್ತವೆ. ರಾತ್ರಿಯಿಡೀ ಮುಚ್ಚಿಡಿ. ಇಲ್ಲಿ ಅವಸರ ಮಾಡಿದಾಗಲೆಲ್ಲ ನಾನು ಕೈಸುಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಅಳೆದರೆ ಪಿಎಚ್ 3ರ ಆಸುಪಾಸಿನಲ್ಲಿರುತ್ತದೆ. ನಾನು ಎಡವಿದ್ದು ಇಲ್ಲೇ: ಔಷಧವನ್ನು ಆ ಆಮ್ಲೀಯ ದ್ರವಕ್ಕೇ ಸುರಿದಿದ್ದೆ. ಡೈಕ್ಲೊಫೆನಾಕ್ ಅಲ್ಲಿ ಕರಗಿ ನಿಲ್ಲುವುದಿಲ್ಲ, ಬಿಳಿ ಕಣಗಳಾಗಿ ಬೇರ್ಪಡುತ್ತದೆ. ಮೊದಲು ಟ್ರೈಎಥನಾಲಮೀನ್ ಎಂಬ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ ಅನ್ನು 7ಕ್ಕೆ ತನ್ನಿ. ಮಬ್ಬಾಗಿದ್ದ ದ್ರವ ಕಣ್ಣೆದುರೇ ತಿಳಿಯಾಗಿ, ಗಟ್ಟಿಯಾಗಿ, ಚಮಚಕ್ಕೆ ಅಂಟಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಈ ಗಳಿಗೆ ನನಗೆ ಹಳತಾಗಿಲ್ಲ. ಅನಂತರವೇ ಔಷಧದ ಸರದಿ. 10 ಗ್ರಾಂ ಪ್ರೊಪಿಲೀನ್ ಗ್ಲೈಕಾಲ್, 20 ಗ್ರಾಂ ಐಸೊಪ್ರೊಪೈಲ್ ಆಲ್ಕೊಹಾಲ್ ಮಿಶ್ರಣದಲ್ಲಿ, ಹತ್ತಿರ ಬೆಂಕಿಯಿಲ್ಲದಂತೆ ನೋಡಿಕೊಂಡು, ಅದನ್ನು ಮೊದಲೇ ಕರಗಿಸಿಟ್ಟಿರಬೇಕು. ಸೇರಿಸಿ, ನಿಧಾನವಾಗಿ ಕಲಕಿ. ಜೋರಾಗಿ ಕಲಕಿದರೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ನಿರ್ವಾತದಲ್ಲಿಟ್ಟು ತೆಗೆಯಬೇಕಾಗುತ್ತದೆ. ಉಳಿದ ತೂಕವನ್ನು ನೀರಿನಿಂದ ತುಂಬಿ.

ಔಷಧ ಇನ್ನಷ್ಟು ಚೆನ್ನಾಗಿ ಕರಗಲೆಂದು ಗ್ಲೈಕಾಲ್ ಹೆಚ್ಚಿಸುವ ಆಸೆ ಬರುತ್ತದೆ. ಬೇಡ. ಜೆಲ್‌ನೊಳಗೆ ತೀರ ಸುಖವಾಗಿರುವ ಔಷಧ ಚರ್ಮಕ್ಕೆ ಇಳಿಯುವ ಮನಸ್ಸು ಮಾಡುವುದಿಲ್ಲ. ಅದು ದಾಟಬೇಕಾದ ಹೊರಪದರದ ದಪ್ಪ ಸುಮಾರು 10ರಿಂದ 20 ಮೈಕ್ರೊಮೀಟರ್ ಮಾತ್ರ, ಆದರೆ ತಡೆಯೆಲ್ಲ ಇರುವುದು ಅಲ್ಲಿಯೇ. ಎಷ್ಟು ದಾಟಿತೆಂದು ತಿಳಿಯಲು ಮೇಲೆ ಚರ್ಮ, ಕೆಳಗೆ ದ್ರವ ಇರುವ ಗಾಜಿನ ಉಪಕರಣವಾದ ಫ್ರಾನ್ಜ್ ಕೋಶದಲ್ಲಿ ಚರ್ಮದ ಮಾದರಿಯ ಮೇಲೆ ಹಚ್ಚಿ, ಮೇಲ್ಮೈಯನ್ನು 32 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕೆಳಗಿನ ದ್ರವವನ್ನು ಆಗಾಗ ತೆಗೆದು ಪರೀಕ್ಷಿಸಿ. ಸುರಕ್ಷತೆಯ ಪರೀಕ್ಷೆಗಳೂ ಅನುಮತಿಯೂ ಮುಗಿಯುವ ತನಕ ಇದನ್ನು ಯಾರ ಮೊಣಕಾಲಿಗೂ ಹಚ್ಚುವಂತಿಲ್ಲ, ನಿಮ್ಮದಕ್ಕೂ ಸಹ.

ಜೆಲ್ ದಿನ ಕಳೆದಂತೆ ಕೆಡುತ್ತದೆಯೇ ಎಂದು ತಿಳಿಯಲು, ಅದನ್ನು ತುಂಬಿದ ಟ್ಯೂಬುಗಳನ್ನು 40 ಡಿಗ್ರಿ, ಶೇ. 75 ತೇವಾಂಶದಲ್ಲಿ 6 ತಿಂಗಳು ಇಡಿ. ಪ್ರತಿ ಬಾರಿ ತೆರೆದಾಗಲೂ ಪಿಎಚ್ ಅಳೆಯುವ ಮೊದಲು ಒಂದು ಚುಕ್ಕೆಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಬೆರಳಿಗೆ ಸಿಗದ ಹರಳುಗಳು ಅಲ್ಲಿ ಕಾಣುತ್ತವೆ.