ಅಪ್‌ಡೇಟ್‌ಗಳನ್ನು ಮೊದಲೇ ಸೇರಿಸಿದ ವಿಂಡೋಸ್ ಪೆನ್‌ಡ್ರೈವ್: ನನ್ನ ಅನುಭವ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದ ಆರು ಗಣಕಗಳಿಗೆ ವಿಂಡೋಸ್ 11 ಹಾಕಬೇಕಾಗಿತ್ತು. ಒಂದೊಂದೂ ಪ್ರತ್ಯೇಕವಾಗಿ ಅಪ್‌ಡೇಟ್ ಇಳಿಸಿಕೊಳ್ಳುವುದು ಬೇಡವೆಂದು, ಐಎಸ್‌ಒ (ವಿಂಡೋಸ್ ಹಾಕುವ ಡಿಸ್ಕಿನ ಪೂರ್ಣ ಪ್ರತಿಯಾದ ಒಂದೇ ಕಡತ) ಒಳಗಿನ ಕಡತಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲಿಸಿ, ಅವುಗಳಲ್ಲಿ ವಿಂಡೋಸ್ ಅಡಕವಾಗಿರುವ ಇನ್‌ಸ್ಟಾಲ್.ವಿಮ್ ಕಡತವನ್ನು, ಇಂಥ ಕಡತಗಳನ್ನು ತಿದ್ದುವ ಡಿಸ್ಮ್ ಆಜ್ಞೆಯಿಂದ ಖಾಲಿ ಫೋಲ್ಡರೊಂದಕ್ಕೆ ಮೌಂಟ್ ಮಾಡಲು (ಅಂದರೆ ಒಳಗಿನದನ್ನು ತಿದ್ದಲು ಬರುವಂತೆ ತೆರೆದಿಡಲು) ಹೊರಟೆ. ಅನುಮತಿಯಿಲ್ಲವೆಂಬ ದೋಷ ಬಂತು. ಆಜ್ಞೆಯನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ನಡೆಸಿದ್ದರಿಂದ ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ, ನಕಲಾದ ಕಡತಕ್ಕೆ ‘ರೀಡ್ ಓನ್ಲಿ’ (ಓದಲು ಮಾತ್ರ, ತಿದ್ದಲಾಗದು) ಗುಣ ಅಂಟಿಕೊಂಡಿತ್ತು. ಅದನ್ನು ತೆಗೆದೊಡನೆ ಮೌಂಟ್ ಆಯಿತು. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ತಂದ ಎಂಎಸ್‌ಯು (ಅಪ್‌ಡೇಟ್) ಕಡತವನ್ನು ಸೇರಿಸಿ, ಬದಲಾವಣೆ ಉಳಿಸುವ ‘ಕಮಿಟ್’ ಕೊಟ್ಟು ಅನ್‌ಮೌಂಟ್ ಮಾಡಿದೆ. ಹೋಮ್, ಪ್ರೊ ಮುಂತಾದ ಆವೃತ್ತಿಗಳಿಗೆ ಆ ಕಡತದೊಳಗೆ ಬೇರೆ ಬೇರೆ ಇಂಡೆಕ್ಸ್ (ಕ್ರಮಸಂಖ್ಯೆ) ಇರುವುದರಿಂದ, ಬೇಕಾದ ಪ್ರತಿಯೊಂದಕ್ಕೂ ಇದನ್ನು ಮತ್ತೆ ಮಾಡಲೇಬೇಕು. ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ಕಡತ ಕೂರದ ಕಾರಣ, ಇನ್‌ಸ್ಟಾಲ್.ವಿಮ್ ಅನ್ನು ಡಿಸ್ಮ್‌ನಿಂದಲೇ 3800 ಎಂಬಿಯ ಎಸ್‌ಡಬ್ಲ್ಯುಎಂ ತುಂಡುಗಳಾಗಿ ಒಡೆದೆ. ಸೆಟಪ್ ಅವನ್ನು ತಕರಾರಿಲ್ಲದೆ ಓದಿಕೊಂಡಿತು.