ರೇಡಿಯೋದ ಗರಗರ ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲಿಸಬೇಕು

ಮಂಗಳೂರು ಆಕಾಶವಾಣಿಯಲ್ಲಿ ಯಕ್ಷಗಾನ ಬರುವಾಗ ಭಾಗವತರ ಸ್ವರಕ್ಕಿಂತ ಗರಗರ ಸದ್ದೇ ಜೋರಾದರೆ ಹೊಸ ರೇಡಿಯೋ ತರಲು ಹೊರಡಬೇಡಿ. ಹೆಚ್ಚಿನ ಮನೆಗಳಲ್ಲಿ ತಕರಾರು ಇರುವುದು ಎಲ್‌ಇಡಿ ಬಲ್ಬ್, ಚಾರ್ಜರ್ ಅಥವಾ ಫ್ಯಾನ್ ರೆಗ್ಯುಲೇಟರಿನಲ್ಲಿ. ಮೀಡಿಯಂ ವೇವ್‌ಗೆ ಇದರ ಕಾಟ ಹೆಚ್ಚು, ಎಫ್‌ಎಂಗೆ ಕಡಿಮೆ.

ಸೆಲ್ ಹಾಕಿದ ಸಣ್ಣ ಟ್ರಾನ್ಸಿಸ್ಟರ್ ಹಿಡಿದು, ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ಮೈನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳು. ಸದ್ದು ನಿಂತರೆ ಮೂಲ ಮನೆಯೊಳಗಿದೆ. ಎಂಸಿಬಿಗಳನ್ನು, ಅಂದರೆ ಬೋರ್ಡಿನಲ್ಲಿ ಒಂದೊಂದು ಲೈನಿಗೆ ಇರುವ ಸ್ವಿಚ್‌ಗಳನ್ನು, ಎಲ್ಲ ಆಫ್ ಮಾಡಿ ಮೈನ್ ಹಾಕಿ. ಆಮೇಲೆ ಅವನ್ನು ಒಂದೊಂದಾಗಿ ಹಾಕಿ, ಸದ್ದು ಶುರುವಾದ ಲೈನಿನಲ್ಲಿ ಒಂದೊಂದೇ ಸ್ವಿಚ್ ನೋಡಿ. ರೇಡಿಯೋ ತಿರುಗಿಸಿ ದಿಕ್ಕು ಹುಡುಕುವುದು ಮನೆಯೊಳಗೆ ನಡೆಯದು. ಗೋಡೆಯ ವೈರೇ ಆಂಟೆನಾದಂತೆ ಸದ್ದನ್ನು ಎಲ್ಲ ಕೋಣೆಗೂ ಹರಡುತ್ತದೆ.

ತಿರುಗಿಸಿದಷ್ಟೂ ಗುಂಯ್‌ಗುಟ್ಟುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ತೆಗೆದು ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ, ಸದ್ದು ಪೂರ್ತಿ ಹೋಗುತ್ತದೆ. ಗರಗರ ಎಬ್ಬಿಸುವ ಅಗ್ಗದ ಬಲ್ಬನ್ನು ರಿಪೇರಿ ಮಾಡುವುದರಲ್ಲಿ ಅರ್ಥವಿಲ್ಲ, ಬದಲಿಸಿ. ಚಾರ್ಜರ್ ಅಥವಾ ಅಡಾಪ್ಟರ್ ಆದರೆ ಫೆರೈಟ್ ರಿಂಗಿನೊಳಗೆ (ಗರಗರ ತಡೆಯುವ ಕಪ್ಪು ಬಳೆ) ಅದರ ವೈರನ್ನು 6ರಿಂದ 8 ಸುತ್ತು ಸುತ್ತಿ, ರಿಂಗು ಚಾರ್ಜರಿಗೆ ಅಂಟಿದಂತಿರಲಿ. ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೇ ರಿಂಗಿನಲ್ಲಿ ಹಾಯಬೇಕು. ಒಂದೇ ಸುತ್ತಿನಿಂದ ಮೀಡಿಯಂ ವೇವ್‌ನಲ್ಲಿ ಏನೂ ಪ್ರಯೋಜನವಿಲ್ಲ, ಸುತ್ತು ಎರಡರಷ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ.

ಮಿಕ್ಸಿಯ ಸದ್ದು ಕಾರ್ಬನ್ ಬ್ರಷ್‌ನ ಕಿಡಿಯದು. ಬ್ರಷ್ ಸವೆದಿದ್ದರೆ ಬದಲಿಸಿ. ಆಮೇಲೂ ಉಳಿದರೆ ಮೋಟಾರಿನ ಫೇಸ್–ನ್ಯೂಟ್ರಲ್ ನಡುವೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 ಕೆಪಾಸಿಟರನ್ನು (ಮನೆ ಕರೆಂಟಿಗೆಂದೇ ಮಾಡಿದ ಸುರಕ್ಷಿತ ಬಗೆ) ಬಲ್ಲವರಿಂದ ಹಾಕಿಸಿ. ಬೇರೆ ಸಾದಾ ಕೆಪಾಸಿಟರ್ ಹಾಕಿದರೆ ಬೆಂಕಿ ಹತ್ತಬಹುದು.

ಮೈನ್ ಆಫ್ ಆದರೂ ಸದ್ದು ಇದ್ದರೆ ಪಕ್ಕದ ಮನೆ ಇಲ್ಲವೇ ಕರೆಂಟ್ ಕಂಬ. ಈಗ ಬಯಲಿಗೆ ಬಂದು ರೇಡಿಯೋವನ್ನು ನಿಧಾನವಾಗಿ ತಿರುಗಿಸಿ: ಸದ್ದು ತೀರಾ ಕುಗ್ಗಿದಾಗ ರೇಡಿಯೋದ ಉದ್ದದ ತುದಿ ಮೂಲದ ಕಡೆಗೆ ಇರುತ್ತದೆ. ಎರಡು ಜಾಗದಿಂದ ನೋಡಿದರೆ ಕಂಬ ಸಿಗುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂತಹ ಕಡಲ ಬದಿಯಲ್ಲಿ ಉಪ್ಪುಗಾಳಿ ಇನ್ಸುಲೇಟರಿಗೆ ಅಂಟುತ್ತದೆ. ಬೆಳಗಿನ ಇಬ್ಬನಿಗೆ ಜೋರಾಗಿ, ದೊಡ್ಡ ಮಳೆ ತೊಳೆದ ಮೇಲೆ ಇಳಿದರೆ ಕಾರಣ ಅದೇ. ಒಣ ಗಾಳಿಗೆ ಹೆಚ್ಚಾಗಿ, ಒದ್ದೆಯಾದರೆ ನಿಲ್ಲುವುದು ಸಡಿಲ ಕ್ಲ್ಯಾಂಪಿನ ಲಕ್ಷಣ. ಕಂಬವನ್ನು ಮುಟ್ಟಬೇಡಿ, ಬಡಿಯಬೇಡಿ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಕಂಬದ ನಂಬರ್, ಸದ್ದು ಬರುವ ಹೊತ್ತು, ಆಗಿನ ಹವೆ ಮೂರನ್ನೂ ಹೇಳಿ.