ಮಗಳ ಸ್ಕಾಲರ್‌ಶಿಪ್ಪನ್ನು ಆದಾಯ ಅಂತ ತೋರಿಸಿ ನಾವು ಉಳಿಸಿದ್ದು

ಯಾರಾದ್ರೂ ಟ್ಯಾಕ್ಸ್ ಇಲ್ಲದ ಸ್ಕಾಲರ್‌ಶಿಪ್ಪನ್ನು ಬೇಕಂತಲೇ ಆದಾಯ ಅಂತ ತೋರಿಸ್ತಾರಾ? ಅಮೆರಿಕದ ಡಲ್ಲಾಸ್‌ನ ನಮ್ಮ ಗೆಳೆಯರ ಗುಂಪು ನಕ್ಕಿದ್ದು ಇದಕ್ಕೇ. ನಮ್ಮ ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಿದ್ದವರೂ ‘ಸುಮ್ನೆ ಇರಿ ಸಾರ್’ ಅಂದರು.

ಮಗಳು ಕಾಲೇಜು ಸೇರಿದ್ದು 2021ರ ಫಾಲ್‌ನಲ್ಲಿ. ಟ್ಯೂಷನ್ ವರ್ಷಕ್ಕೆ ಹನ್ನೆರಡು ಸಾವಿರ ಡಾಲರ್ ಆಸುಪಾಸು, ಸ್ಕಾಲರ್‌ಶಿಪ್ಪೂ ಹೆಚ್ಚುಕಮ್ಮಿ ಅಷ್ಟೇ. ಕಾಲೇಜು ಕೊಡುವ 1098-ಟಿ ಫಾರ್ಮಿನಲ್ಲಿ ಅದಕ್ಕೂ ಇದಕ್ಕೂ ಸರಿಹೋಗಿ, ಕೈಯಿಂದ ಕಟ್ಟಿದ ಟ್ಯೂಷನ್‌ಗೆ ಟ್ಯಾಕ್ಸಿನಲ್ಲಿ ಸಿಗುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಸೊನ್ನೆ. ಡಾರ್ಮ್ ಮತ್ತು ಊಟಕ್ಕೆ ಮಾತ್ರ ಹದಿನಾಲ್ಕು ಸಾವಿರ ನಮ್ಮ ಜೇಬಿಂದ. ದಾರಿ ಟ್ಯಾಕ್ಸ್ ಇಲಾಖೆಯದೇ ಕೈಪಿಡಿ ಪಬ್ಲಿಕೇಶನ್ 970ರಲ್ಲೇ ಇದೆ. ಸ್ಕಾಲರ್‌ಶಿಪ್ಪಿನ 4,000 ಊಟ-ವಸತಿಗೆ ಹೋಯಿತು ಅಂತ ಹಿಡಿದರೆ, ಅಷ್ಟು ಟ್ಯೂಷನ್ ನಾವು ಕಟ್ಟಿದ ಹಾಗೆ. ಆ 4,000 ಮಗಳ ಆದಾಯ, ಟ್ಯಾಕ್ಸ್ ಬೀಳದೆ ಬಿಡುವ ಮೊತ್ತವಾದ ಸ್ಟ್ಯಾಂಡರ್ಡ್ ಡಿಡಕ್ಷನ್‌ನಲ್ಲಿ ಕರಗಿಹೋಗುತ್ತದೆ. ನಮಗೆ 2,500 ಕ್ರೆಡಿಟ್.

ಮೊದಲ ಸಲ ಎಡವಿದೆ. ನಾನು ಎತ್ತಿಕೊಂಡ ಸ್ಕಾಲರ್‌ಶಿಪ್ಪಿನ ಪತ್ರದಲ್ಲಿ ‘ಟ್ಯೂಷನ್‌ಗೆ ಮಾತ್ರ’ ಅಂತ ಇತ್ತು. ಅಂಥ ದುಡ್ಡನ್ನು ಊಟಕ್ಕೆ ತಿರುಗಿಸುವ ಹಾಗಿಲ್ಲ. ಪುಣ್ಯಕ್ಕೆ ಕಳಿಸುವ ಮುಂಚೆ ಮಗಳೇ ನೋಡಿ ಹೇಳಿದಳು. ಅವಳಿಗೆ ಬರುತ್ತಿದ್ದ ಇನ್ನೊಂದಕ್ಕೆ ಆ ಷರತ್ತು ಇರಲಿಲ್ಲ. ಲೆಕ್ಕ ಪೂರ್ತಿ ಮತ್ತೆ ಮಾಡಿ, ನಮ್ಮದೊಂದು ಅವಳದೊಂದು 1040-ಎಕ್ಸ್, ಅಂದರೆ ತಿದ್ದಿದ ರಿಟರ್ನ್, ಹಾಕಿದೆ. ಐದು ತಿಂಗಳಿಗೆ ಚೆಕ್ ಬಂತು. ಅದರ ಫೋಟೊ ಗುಂಪಿಗೆ ಹಾಕದೆ ಇರ್ತೀನಾ!

2023ರಲ್ಲಿ ಇನ್ನೊಂದು ಪೆಟ್ಟು. ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲಿ ಮಗಳು ಹತ್ತೂವರೆ ಸಾವಿರ ದುಡಿದಳು. ಜೊತೆಗೆ ಈ 4,000. ಆ ವರ್ಷದ ಡಿಡಕ್ಷನ್ 13,850. ದಾಟಿದ್ದು ಆರುನೂರು ಚಿಲ್ಲರೆ, ಅದಕ್ಕೆ ಹತ್ತು ಪರ್ಸೆಂಟ್ ಅಂದುಕೊಂಡಿದ್ದೆ. ಮಕ್ಕಳ ದುಡಿಮೆಯಲ್ಲದ ಆದಾಯಕ್ಕೆ ಹೆತ್ತವರ ದರ ಹಾಕುವ ಕಿಡ್ಡಿ ಟ್ಯಾಕ್ಸ್‌ಗೆ ಈ ಸ್ಕಾಲರ್‌ಶಿಪ್ ದುಡಿಮೆಯಲ್ಲವಂತೆ! ನಮ್ಮ 22 ಪರ್ಸೆಂಟ್ ಅವಳಿಗೆ ಬಿತ್ತು, 140 ಡಾಲರ್ ಹತ್ತಿರ. ‘ನಿಮ್ಮ ಆಟಕ್ಕೆ ನಾನ್ಯಾಕೆ ಕಟ್ಟಲಿ’ ಅಂದಳು. ನಾನೇ ಕೊಟ್ಟೆ. ಆಮೇಲೂ 2,300ಕ್ಕಿಂತ ಜಾಸ್ತಿ ಉಳಿಯಿತು ಅನ್ನಿ.

ಅಕ್ಕನ ಮಗ ಎಂಎಸ್‌ಗೆ ಬಂದಿದ್ದಾನೆ, ಎಫ್-1 ವಿದ್ಯಾರ್ಥಿ ವೀಸಾ. ಅವನಿಗೂ ಮಾಡಿನೋಡಿದೆ, ಆಗಲಿಲ್ಲ. ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಹಾಕುವವರಿಗೆ ಈ ಕ್ರೆಡಿಟ್ ಇಲ್ಲ. ಭಾರತ-ಅಮೆರಿಕ ಟ್ಯಾಕ್ಸ್ ಒಪ್ಪಂದದ 21ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಕ್ಕಿತು, ಅದೇ ಪುಣ್ಯ. ಬೇರೆ ದೇಶದ ಅವನ ರೂಮ್‌ಮೇಟ್‌ಗೆ ಅದೂ ಇಲ್ಲ. ಇನ್ನು ಗಂಡ ಹೆಂಡತಿ ಸೇರಿ ಆದಾಯ 1,80,000 ಡಾಲರ್ ಮುಟ್ಟಿದವರು ಈ ಕಡೆ ತಲೆ ಹಾಕಬೇಡಿ. 1,60,000ದಿಂದಲೇ ಕ್ರೆಡಿಟ್ ಸವೆಯುತ್ತಾ ಬರುತ್ತದೆ.

ಓದು ನಾಲ್ಕು ವರ್ಷವಾದರೂ, ವರ್ಷದ ನಡುವೆ ಶುರುವಾಗುವುದರಿಂದ ಟ್ಯಾಕ್ಸ್ ವರ್ಷ ಐದಾಗುತ್ತದೆ, ಕ್ರೆಡಿಟ್ ನಾಲ್ಕಕ್ಕೇ. ಜನವರಿಯ ಸ್ಪ್ರಿಂಗ್ ಸೆಮಿಸ್ಟರ್ ಫೀಸನ್ನು ಡಿಸೆಂಬರ್‌ನಲ್ಲಿ ಎಷ್ಟು ಕಟ್ಟಬೇಕು, ಜನವರಿಗೆ ಎಷ್ಟು ಬಿಡಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅಂದು ಜೋರಾಗಿ ನಕ್ಕಿದ್ದ ಗೆಳೆಯ ಹೋದ ತಿಂಗಳು ನನ್ನ ಎಕ್ಸೆಲ್ ಕೇಳಿದ. ಕಳಿಸಿದೆ, ಡಿಸೆಂಬರ್ ಕಾಲಂ ಅಳಿಸಿ.